ಏಳನೇ ತರಗತಿಯ ಮಗಳು ಖೋ ಖೋ ತಂಡಕ್ಕೆ ಸೇರಿದ್ದಾಳೆ. ಆಟದಿಂದ ಬದುಕಿಗೆ ಏನಾದರೂ ಕಲಿಯುತ್ತಾಳಾ?

ದಿನಾ ಸಂಜೆ ಒಂದು ತಾಸು ಅಭ್ಯಾಸಕ್ಕೆ ಹೋದರೆ ಮಗಳ ಓದು ಕೆಟ್ಟೀತೇ ಎಂದು ಸಿಂಧನೂರಿನಿಂದ ಕೇಳಿದ್ದೀರಿ. ಧೈರ್ಯವಾಗಿ ಕಳಿಸಿ. ಅವಳು ಕಲಿಯುವುದು ಬಹಳ ಇದೆ, ಆದರೆ ನಿಯಮ ಸಡಿಲ ಬಿಡದೆ ಆಡಿಸಿದರೆ ಮಾತ್ರ.

ಮೈದಾನದ ನಡುಗೆರೆಯ ಎರಡು ತುದಿಗೂ ಒಂದೊಂದು ಕಂಬ. ಚೇಸಿಂಗ್ ತಂಡದ, ಅಂದರೆ ಬೆನ್ನಟ್ಟುವ ತಂಡದ, ಎಂಟು ಮಂದಿ ಆ ಗೆರೆಯ ಮೇಲಿನ ಚೌಕಗಳಲ್ಲಿ ಕೂರುತ್ತಾರೆ. ಒಬ್ಬಳ ಮುಖ ಈ ಕಡೆಗಾದರೆ ಪಕ್ಕದವಳದು ಆ ಕಡೆಗೆ. ಒಂಬತ್ತನೆಯವಳು ಮಾತ್ರ ಬೆನ್ನಟ್ಟಬೇಕು. ಅವಳು ನಡುಗೆರೆ ದಾಟುವಂತಿಲ್ಲ, ಹಿಡಿದ ದಿಕ್ಕನ್ನು ಕಂಬ ಸೇರುವ ತನಕ ಬದಲಿಸುವಂತಿಲ್ಲ. ತಪ್ಪಿಸಿಕೊಂಡು ಓಡುವ ಎದುರು ತಂಡದ ರನ್ನರ್‌ಗೆ ಈ ಕಟ್ಟುಪಾಡು ಇಲ್ಲ, ಎತ್ತ ಬೇಕಾದರೂ ನುಸುಳುತ್ತಾಳೆ. ಹಾಗಾಗಿ ಇಡೀ ಶಾಲೆಯಲ್ಲೇ ಜೋರಾಗಿ ಓಡುವ ಹುಡುಗಿಯೂ ಒಬ್ಬಳೇ ಗೆಲ್ಲಲಾರಳು. ತಾನೇ ಔಟ್ ಮಾಡಬೇಕೆಂಬ ಹಟ ಬಿಟ್ಟು, ಸರಿಯಾದ ಜಾಗದಲ್ಲಿ ಕೂತವಳನ್ನು ಹಿಂದಿನಿಂದ ಮುಟ್ಟಿ ಗಟ್ಟಿಯಾಗಿ ‘ಖೋ’ ಅನ್ನಬೇಕು; ಆಗ ಕೂತವಳು ಎದ್ದು ಬೆನ್ನಟ್ಟುತ್ತಾಳೆ, ಇವಳು ಅವಳ ಜಾಗದಲ್ಲಿ ಕೂರುತ್ತಾಳೆ. ಹೊಸ ಮಕ್ಕಳು ಹೆಚ್ಚಾಗಿ ಎಡವುವುದು ಇಲ್ಲೇ: ಎರಡು ಹೆಜ್ಜೆ ತಡವಾಗಿ ಕೊಡುತ್ತಾರೆ, ಅಷ್ಟರಲ್ಲಿ ರನ್ನರ್ ಆ ಕಡೆ ಇರುತ್ತಾಳೆ.

ಕೂತವಳ ಕೆಲಸ ಇನ್ನೂ ಕಷ್ಟ. ರನ್ನರ್ ಕೈಗೆಟುಕುವಷ್ಟು ಹತ್ತಿರ ಹಾದುಹೋದರೂ ಖೋ ಬೀಳದೆ ಏಳುವಂತಿಲ್ಲ. ಎದ್ದರೆ ಫೌಲ್, ಸಿಗಬೇಕಿದ್ದ ಔಟ್ ಕೈತಪ್ಪುತ್ತದೆ. ಆಸೆ ಕಣ್ಣೆದುರಿಗಿದ್ದಾಗ ಸುಮ್ಮನೆ ಕೂರುವುದು, ಕರೆ ಬಂದ ಕ್ಷಣಕ್ಕೆ ಜಿಗಿಯುವುದು, ಇವೆರಡನ್ನೂ ಒಟ್ಟಿಗೆ ಕಲಿಸುವ ಆಟ ನನಗೆ ತಿಳಿದಂತೆ ಬೇರೆ ಇಲ್ಲ.

ಕೆಡುವುದು ದೊಡ್ಡವರ ಕಡೆಯಿಂದ. ಅಭ್ಯಾಸದಲ್ಲಿ ‘ಇರಲಿ ಬಿಡು’ ಎಂದು ಫೌಲ್ ಬಿಟ್ಟರೆ ಮಗು ಕಲಿಯುವುದು ಕಳ್ಳಾಟವನ್ನೇ. ಬದಲಿ ಆಟಗಾರ್ತಿಯರ ಪಾಡು ಇದಕ್ಕಿಂತ ಕೆಟ್ಟದ್ದು. ನೀರಿನ ಬಾಟಲಿ, ಚಪ್ಪಲಿ ಕಾಯುತ್ತ ಕೂತವರಿಗೆ ತಾವು ಲೆಕ್ಕಕ್ಕಿಲ್ಲ ಎಂಬುದೊಂದೇ ಮನಸ್ಸಿಗೆ ನಾಟುತ್ತದೆ. ನಿಮ್ಮ ಮಗಳು ಬದಲಿಯಾಗಿದ್ದರೆ ಪಿ.ಟಿ. ಸರ್ ಹತ್ತಿರ ಮಾತಾಡಿ: ಅಭ್ಯಾಸದ ಪ್ರತಿ ಇನ್ನಿಂಗ್ಸಿಗೂ ಇಬ್ಬರನ್ನು ಬದಲಿಸಲಿ, ಹೊರಗಿದ್ದವರ ಕೈಗೆ ಸೀಟಿ ಕೊಟ್ಟು ಅಂಪೈರ್ ಮಾಡಲಿ. ಗೆಳತಿಯ ಫೌಲಿಗೆ ಸೀಟಿ ಊದುವ ಧೈರ್ಯ ತರಗತಿಯಲ್ಲಿ ಬರುವುದಿಲ್ಲ.

ಮೈದಾನದ ಕೆಲಸವನ್ನೂ ಮಕ್ಕಳು ಹಂಚಿಕೊಳ್ಳಲಿ. ನಮ್ಮ ಎರೆನೆಲ ಮಳೆಗೆ ಕಾಲಿಗೆ ಮೆತ್ತುತ್ತದೆ, ಒಣಗಿದರೆ ಬಿರಿಯುತ್ತದೆ. ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ಹಾಕಿ ಹದ ಮಾಡದಿದ್ದರೆ ಕಣಕಾಲು ಉಳುಕುತ್ತದೆ. ಬರಿಗಾಲಲ್ಲಿ ಆಡುವವರಿಗೆ ಬಳ್ಳಾರಿ ಜಾಲಿಯ ಮುಳ್ಳಿನ ಕಾಟ ಬೇರೆ. ಆಟಕ್ಕೆ ಮೊದಲು ಇಡೀ ತಂಡ ಸಾಲಾಗಿ ನಿಂತು ಮುಳ್ಳು, ಕಲ್ಲು ಆರಿಸಲಿ. ಚೆನ್ನಾಗಿ ಆಡುತ್ತಾಳೆಂದು ಯಾರಿಗೂ ವಿನಾಯಿತಿ ಬೇಡ.

ಸೋಲಿಗೂ ಸಿದ್ಧರಿರಿ. ಕ್ಲಸ್ಟರ್ (ಹತ್ತಿರದ ಶಾಲೆಗಳ ಗುಂಪು), ತಾಲ್ಲೂಕು, ಜಿಲ್ಲೆ, ಆಮೇಲೆ ಕಲಬುರಗಿ ವಿಭಾಗ, ರಾಜ್ಯ ಎಂದು ಮೇಲೇರುವಾಗ ಹೆಚ್ಚಿನ ತಂಡಗಳು ನಡುವೆಯೇ ಉಳಿಯುತ್ತವೆ. ಅಂದು ಮಗಳ ಮುಂದೆ ಅಂಪೈರನ್ನು ಬೈಯಬೇಡಿ, ಒಮ್ಮೆ ಆ ನೆಪ ಕಲಿತರೆ ಪರೀಕ್ಷೆಗೂ ಅದನ್ನೇ ಹೇಳುತ್ತಾಳೆ. ಅತ್ತರೆ ಅಳಲಿ. ಯಾವ ಖೋ ತಡವಾಯಿತು ಎಂಬ ಮಾತು ಮರುದಿನಕ್ಕಿರಲಿ.

ಓದಿನ ಮಟ್ಟಿಗೆ, ಅಭ್ಯಾಸ ಮುಗಿಸಿ ಬಂದವಳನ್ನು ಕೂಡಲೇ ಪುಸ್ತಕದ ಮುಂದೆ ಕೂರಿಸಬೇಡಿ. ಕೈಕಾಲು ತೊಳೆದು, ಏನಾದರೂ ತಿಂದು ಅರ್ಧ ತಾಸು ಕಳೆಯಲಿ. ಸೆಕೆಯಲ್ಲಿ ಬೆವರಿ ಸುಸ್ತಾಗಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ ಸ್ವಲ್ಪ ಸ್ವಲ್ಪವೇ ಕುಡಿಸಿ. ಎರಡೂ ಟೀ ಚಮಚದ ಅಳತೆ, ಉಪ್ಪು ಹೆಚ್ಚಾಗಬಾರದು.