ಕೇಳ್ರಿ, ಹೇಳ್ತೀವಿ: ಒಂದೇ ಕೂಸು ಸಾಕೇನು?

ಪ್ರಶ್ನೆ: ನಮ್ಮಪ್ಪಗ ಏಳು ಮಕ್ಕಳು, ನನಗ ಇಬ್ಬರು, ಬೆಂಗಳೂರಾಗಿರೋ ನನ್ನ ಮಗ ಒಂದೇ ಸಾಕು ಅಂತಾನ. ಊರ ಸಾಲ್ಯಾಗ ಈ ವರ್ಷ ಒಂದನೇತ್ತಕ್ಕ ಸೇರಿದ್ದು ನಾಕೇ ಹುಡುಗ್ರು. ಮುಂದ ನಮ್ಮನ್ನ ನೋಡೋರ್ಯಾರು?
- ಕುಷ್ಟಗಿ ಕಡೆ ಒಬ್ಬ ರೈತರು

ಉತ್ತರ: ಯಜಮಾನ್ರ, ಸಾಲಿ ಖಾಲಿ ಆಗಿದ್ದಕ್ಕ ಪೂರ್ತಿ ಮಗನ್ನ ಬೈಬ್ಯಾಡ್ರಿ, ಅರ್ಧ ಹುಡುಗ್ರು ಮುಂಜಾನೆ ಕಾನ್ವೆಂಟ್ ವ್ಯಾನ್ ಹತ್ತಿ ಹೋಗಿರ್ತಾವ, ಇನ್ನ ಕೆಲವು ಅಪ್ಪ-ಅವ್ವನ ಜೋಡಿ ಗುಳೆ ಹೋಗಿರ್ತಾವ. ಆದ್ರ ಕೂಸು ಕಡಿಮಿ ಆಗಿದ್ದೂ ಖರೇನ. 1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸರ್ವೇದಾಗ ಕರ್ನಾಟಕದ ಒಬ್ಬ ಹೆಣ್ಮಗಳಿಗೆ ಸರಾಸರಿ 2.9ರ ಹತ್ರ ಮಕ್ಕಳಿದ್ವು, 2019-21ರ ಸರ್ವೇಕ್ಕ ಬಂದ್ರ 1.7. ಜನಸಂಖ್ಯೆ ಇದ್ದಷ್ಟೇ ಇರಬೇಕಂದ್ರ 2.1 ಬೇಕು. ಹಂಗಂತ ನಾಳೆನೇ ಊರು ಬರಿದಾಗಂಗಿಲ್ಲ, ಹಿಂದಕ ಹುಟ್ಟಿದ ದೊಡ್ಡ ಗುಂಪು ಈಗ ಮಕ್ಕಳು ಹಡಿಯೋ ವಯಸ್ಸಿನಾಗ ಐತಿ, ಅದಕ್ಕ ಒಬ್ಬೊಬ್ಬರಿಗೆ ಕಡಿಮಿ ಹುಟ್ಟಿದ್ರೂ ಒಟ್ಟು ಲೆಕ್ಕ ಇನ್ನೊಂದಿಷ್ಟು ವರ್ಷ ಏರತೈತಿ.

ನಿಮ್ಮ ತ್ರಾಸು ಬ್ಯಾರೆ ಐತಿ. ಲೆಕ್ಕದಾಗ ಕರ್ನಾಟಕ ಇನ್ನೂ ಹರೇದಾಗ ಐತಿ, ನಿಮ್ಮ ಓಣಿ ಮಾತ್ರ ಆಗ್ಲೇ ಮುದುಕಾಗೈತಿ, ಯಾಕಂದ್ರ ದುಡಿಯೋ ಹರೇದವ್ರೆಲ್ಲ ಬೆಂಗಳೂರಾಗ ಅದಾರ. ಮೆಣಸಿನಕಾಯಿ, ಹತ್ತಿ ಬಿಡಸಾಕ ಆಳು ಸಿಗವಲ್ರು ಅಂತ ರಾಯಚೂರು ಕಡೆ ಯಾರ್ನ ಕೇಳಿದ್ರೂ ಹೇಳ್ತಾರಲ್ಲ, ಅದರಾಗೂ ಇದರ ಪಾಲೈತಿ. ಜಪಾನದಾಗ 100ಕ್ಕ 29 ಮಂದಿ 65 ದಾಟಿದವ್ರು, ಆದ್ರ ಅವ್ರು ಮೊದ್ಲು ಗಳಿಸಿ ಆಮ್ಯಾಲೆ ಮುದುಕರಾದ್ರು, 2000ದಿಂದ ವಯಸ್ಸಾದವರ ಆರೈಕಿಗಂತನ ಬ್ಯಾರೆ ವಿಮಾ ನಡಸ್ಯಾರ. ನಮ್ಮಲ್ಲಿ ವಯಸ್ಸಾದವರ ಸಂಧ್ಯಾ ಸುರಕ್ಷಾ ಪಿಂಚಣಿದಾಗ ತಿಂಗಳಿಗೆ ಬರೋದು 1,200 ರೂಪಾಯಿ, ಬಿಪಿ-ಶುಗರ್ ಗುಳಿಗಿ, ಬಸ್ ಚಾರ್ಜು ಕಳದ್ರ ಏನುಳೀತದ ನೀವೇ ಹೇಳ್ರಿ!

ಇನ್ನ ನಿಮ್ಮಪ್ಪನ ಏಳು ಮಕ್ಕಳೊಳಗ ಕಡೀಗಾಲಕ್ಕ ಅವರನ್ನ ನೋಡ್ಕೊಂಡವ್ರು ಎಷ್ಟು ಮಂದಿ? ಬಹುಶಃ ಒಬ್ಬ ಸೊಸಿ. ಮಗಗ ಎರಡನೇ ಕೂಸು ಹಡಿ ಅನ್ನೋಕಿಂತ ಮೊದ್ಲು ಅವನ ಮನಿ ಬಾಡಿಗಿ, ಎಲ್‌ಕೆಜಿ ಫೀಜು ಎಷ್ಟಂತ ಒಮ್ಮೆ ಕೇಳಿ ನೋಡ್ರಿ.

ಪ್ರಶ್ನೆ: ಮೇಡಂ, ನನಗಿರೋದು ಒಬ್ಬಾಕಿ ಮಗಳು. ಮುಪ್ಪಿನಾಗ ಕೂಳು ಹಾಕಾಕ ಗಂಡು ಬೇಕಂತ ನಮ್ಮತ್ತಿ ದಿನಾ ಜಗಳ.
- ಬಳ್ಳಾರಿಯ ಓದುಗರು

ಉತ್ತರ: ಅತ್ತಿಯವರಿಗೆ ಹೇಳ್ರಿ, 2007ರ ಹಿರಿಯ ನಾಗರಿಕರ ಕಾಯ್ದೆದಾಗ ತಂದಿ-ತಾಯಿ ನೋಡ್ಕೊಳ್ಳೋ ಜವಾಬ್ದಾರಿ ಮಗಳಿಗೂ ಐತಿ, ಬರೇ ಮಗಗಲ್ಲ. ನೋಡ್ಲಿಲ್ಲಂದ್ರ ಎಸಿ (ಅಸಿಸ್ಟೆಂಟ್ ಕಮಿಷನರ್) ಆಫೀಸಿನಾಗ ಅರ್ಜಿ ಹಾಕಬಹುದು. ಆಸ್ತಿ ಬರದು ಕೊಡೋವಾಗ ‘ನಮ್ಮನ್ನ ನೋಡ್ಕೋಬೇಕು’ ಅನ್ನೋ ಷರತ್ತು ಪತ್ರದಾಗ ಹಾಕ್ಸೋದು ಮಾತ್ರ ಮರೀಬ್ಯಾಡ್ರಿ, ಆಮ್ಯಾಲೆ ಪತ್ರ ರದ್ದು ಮಾಡಸಾಕ ಅದೇ ಆಧಾರ. ಕಾಯ್ದೆ ರೊಕ್ಕ ಕೊಡಸತೈತಿ, ರಾತ್ರಿ ಎದ್ದು ನೀರು ಕೊಡಂಗಿಲ್ಲ, ಅದು ಗಂಡಿಗೂ ಒಂದೇ ಹೆಣ್ಣಿಗೂ ಒಂದೇ.

ಪ್ರಶ್ನೆ: ಮಕ್ಕಳು ಕಡಿಮಿ ಆದ್ರ ನಮ್ಮ ಎಂಪಿ ಸೀಟೂ ಕಡಿಮಿ ಆಗ್ತಾವಂತ?
- ಸಿಂಧನೂರಿನ ಡಿಗ್ರಿ ವಿದ್ಯಾರ್ಥಿ

ಉತ್ತರ: ರಾಜ್ಯಕ್ಕ ಇಷ್ಟು ಸೀಟು ಅಂತ ಹಂಚಿದ್ದು ಇವತ್ತಿಗೂ 1971ರ ಜನಗಣತಿ ಮ್ಯಾಲೆ, ನಮ್ಮವು 28. ಹೊಸ ಹಂಚಿಕಿ 2026ರ ನಂತರದ ಜನಗಣತಿ ಆದ ಮ್ಯಾಲೆ. ಫ್ಯಾಮಿಲಿ ಪ್ಲಾನಿಂಗ್ ಸರಿಯಾಗಿ ಮಾಡಿದವರಿಗೇ ಪಾಲು ಕಡಿಮಿ ಆದೀತು ಅಂತ ದಕ್ಷಿಣದವರು ಕೂಗ್ತಿರೋದು ಅದಕ್ಕ ತಮ್ಮಾ.