ಗಾಳ ಮುಳುಗುವ ಮುಂಚೆ

ಕಾರವಾರದ ಬೈತಖೋಲದಿಂದ ಓದುಗರೊಬ್ಬರ ಪತ್ರ: "ಗಾಳಕ್ಕೆ ಸಿಕ್ಕಿ ಸಾಯುವ ಕಡಲ ಹಕ್ಕಿಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿರಿ. 30 ವರ್ಷ ಕಡಲಿಗೆ ಹೋದವನು ನಾನು. ಬೇಕಂತ ಹಕ್ಕಿ ಕೊಂದವರನ್ನು ನೋಡಿಲ್ಲ. ತಪ್ಪೆಲ್ಲ ಮೀನುಗಾರರ ತಲೆಗೆ ಯಾಕೆ ಕಟ್ಟುತ್ತೀರಿ?"

ನಿಮ್ಮ ಸಿಟ್ಟು ನ್ಯಾಯವೇ. ಬೇಕಂತ ಯಾರೂ ಕೊಲ್ಲುವುದಿಲ್ಲ, ಆ ಮಾತನ್ನು ನಾವು ಮೊದಲೇ ಹೇಳಬೇಕಿತ್ತು. ನಾವು ಬರೆದದ್ದು ಬೈತಖೋಲದ ದೋಣಿಗಳ ಬಗ್ಗೆ ಅಲ್ಲ, ದಕ್ಷಿಣದ ತಣ್ಣನೆ ಕಡಲಲ್ಲಿ ಟ್ಯೂನಾ ಹಿಡಿಯುವ ದೊಡ್ಡ ಹಡಗುಗಳ ಬಗ್ಗೆ. ಅಲ್ಲಿ ಹತ್ತಾರು ಕಿಲೋಮೀಟರ್ ಉದ್ದದ ಹಗ್ಗ, ಒಂದೊಂದಕ್ಕೆ ಸಾವಿರಾರು ಗಾಳ. ಬಂಗಡೆಯನ್ನೋ ಬೊಂಡಾಸನ್ನೋ ಸಿಕ್ಕಿಸಿ ಹಿಂದಿನಿಂದ ಬಿಡುತ್ತಾ ಹೋದರೆ ಗಾಳ ಕೂಡಲೇ ಮುಳುಗುವುದಿಲ್ಲ, ಸ್ವಲ್ಪ ಹೊತ್ತು ಮೇಲೇ ಇರುತ್ತದೆ ಅಲ್ವಾ, ಆಲ್ಬಟ್ರಾಸ್ ಎಂಬ ದೊಡ್ಡ ಕಡಲ ಹಕ್ಕಿ ಎರಗುವುದು ಆಗಲೇ. ಕೊಕ್ಕಿಗೆ ಗಾಳ ಸಿಕ್ಕಿತೆಂದರೆ ಹಗ್ಗದ ಭಾರಕ್ಕೆ ಹಕ್ಕಿಯೂ ಕೆಳಗೆ ಹೋಗುತ್ತದೆ. ದೊಡ್ಡ ಜಾತಿಗಳಲ್ಲಿ ಮೂರು ಮೀಟರಿಗೂ ಜಾಸ್ತಿ ಅಗಲಕ್ಕೆ ಬಿಚ್ಚುವ ರೆಕ್ಕೆ ನೀರೊಳಗೆ ಯಾವ ಕೆಲಸಕ್ಕೂ ಬರುವುದಿಲ್ಲ. ಅಲೆಮಾರಿ ಆಲ್ಬಟ್ರಾಸ್ ಎರಡು ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಮರಿಗೆ ತಂದೆ ತಾಯಿ ಇಬ್ಬರೂ ಉಣಿಸಬೇಕು, ಒಂದು ಬಾರದಿದ್ದರೆ ಮರಿಯೂ ಹೋಯಿತು.

ಇದನ್ನು ತಡೆಯುವ ಉಪಾಯ ಹುಟ್ಟಿದ್ದೂ ಮೀನುಗಾರರ ತಲೆಯಲ್ಲೇ. ಗದ್ದೆಗೆ ಹಕ್ಕಿ ಇಳಿಯದಂತೆ ನಾವು ಬಣ್ಣದ ಟೇಪು ಕಟ್ಟುತ್ತೇವಲ್ಲ, ಹಾಗೇ ಹಡಗಿನ ಹಿಂದೆ ಕಂಬದಿಂದ ಪಟ್ಟಿಗಳು ತೂಗುವ ಹಗ್ಗ ಎಳೆಯುವುದನ್ನು ಜಪಾನಿನ ಮೀನುಗಾರರು ಶುರು ಮಾಡಿದರು. ಹಕ್ಕಿ ತಿಂದರೆ ಗಾಳ ಖಾಲಿ, ನಷ್ಟ ಅವರದೇ ತಾನೆ. ಗಾಳದ ಹತ್ತಿರ ಸೀಸದ ಭಾರ ಕಟ್ಟಿದರೆ ಬೇಗ ಮುಳುಗುತ್ತದೆ. ಹೆಚ್ಚಿನ ಆಲ್ಬಟ್ರಾಸ್‌ಗಳು ಹಗಲಲ್ಲಿ ಮೇಯುವುದರಿಂದ ರಾತ್ರಿ ಹಗ್ಗ ಬಿಟ್ಟರೂ ನಡೆಯುತ್ತದೆ. ಹಿಂದೂ ಮಹಾಸಾಗರದಲ್ಲಿ 25 ಡಿಗ್ರಿ ದಕ್ಷಿಣ ಅಕ್ಷಾಂಶಕ್ಕಿಂತ ಕೆಳಗೆ ಹೋಗುವ ಇಂಥ ಹಡಗುಗಳು ಈ ಮೂರರಲ್ಲಿ ಎರಡನ್ನಾದರೂ ಮಾಡಬೇಕೆಂಬ ನಿಯಮವೂ ಬಂತು. ನಮೀಬಿಯಾದಲ್ಲಿ 2015ರಲ್ಲಿ ಪಟ್ಟಿ ಹಗ್ಗ ಕಡ್ಡಾಯವಾದ ಮೇಲೆ ಕಡಲ ತಳಕ್ಕೆ ಗಾಳ ಬಿಡುವ ಹಡಗುಗಳಲ್ಲಿ ಹಕ್ಕಿಗಳ ಸಾವು ನೂರಕ್ಕೆ 98ರಷ್ಟು ಇಳಿಯಿತು. ಅಲ್ಲಿನ ವಾಲ್ವಿಸ್ ಬೇ ಊರಿನ ಹೆಂಗಸರು ಆ ಪಟ್ಟಿ ಹಗ್ಗ ಕಟ್ಟಿ ಮಾರಿ ನಾಲ್ಕು ಕಾಸು ನೋಡಿದರು. ನನಗೆ ಜಾಸ್ತಿ ಖುಷಿ ಕೊಟ್ಟದ್ದು ಅದೇ.

ನಮ್ಮಲ್ಲಿ ಆಲ್ಬಟ್ರಾಸ್ ಇಲ್ಲ, ನಿಜ. ಆದರೆ ಹೋದ ಚಳಿಗಾಲದಲ್ಲಿ ಟ್ಯಾಗೋರ್ ಬೀಚಿನಲ್ಲಿ ಒಂದು ಕಡಲಕ್ಕಿ ಒಂಟಿ ಕಾಲಲ್ಲಿ ಕುಪ್ಪಳಿಸುತ್ತಿತ್ತು. ಇನ್ನೊಂದು ಕಾಲಿಗೆ ನೈಲಾನ್ ದಾರ ಬಿಗಿದು ಬೆರಳು ಕಪ್ಪಾಗಿತ್ತು. ಹಿಡಿಯಲು ಹೋದೆ, ಹಾರಿಹೋಯಿತು. ಹೇಗೆ ಹಿಡಿಯಬೇಕೆಂದು ನನಗೆ ಗೊತ್ತಿರಲಿಲ್ಲ, ನಿಮಗೆ ಗೊತ್ತಿರುತ್ತದೆ. ನೀವು ಬಿಡಿಸಿದ ಹಕ್ಕಿಗಳ ಬಗ್ಗೆ ಬರೆದು ಕಳಿಸಿ: ರೆಕ್ಕೆ ಹೇಗೆ ಹಿಡಿದಿರಿ, ಗಾಳ ಹೇಗೆ ತೆಗೆದಿರಿ. ಮುಂದಿನ ಸಂಚಿಕೆಯಲ್ಲಿ ನಿಮಗಾಗಿ ಎರಡು ಪುಟ ಇಟ್ಟಿರುತ್ತೇವೆ.

– ಸಂ.