‘ವೈಟ್ ಮಟೀರಿಯಲ್’ ಸಿನಿಮಾದಾಗ ಮರಿಯಾ ತೋಟ ಬಿಟ್ಟು ಯಾಕ ಹೋಗೂದಿಲ್ಲ?

ಫ್ರೆಂಚ್ ನಿರ್ದೇಶಕಿ ಕ್ಲೇರ್ ಡೆನಿಸ್ ಅವರ 2009ರ ಈ ಸಿನಿಮಾದಾಗ ದೇಶದ ಹೆಸರ ಹೇಳೂದಿಲ್ರಿ, ಆಫ್ರಿಕಾ ಅಂತಷ್ಟ ತಿಳೀತದ, ಅದಕ್ಕ ಇದು ಒಂದ ಮನಿ ಕತಿ ಅನಸೂದಿಲ್ಲ, ಇಡೀ ವಸಾಹತುಶಾಹಿ ಕತಿ ಅನಸ್ತದ. ಸುತ್ತ ದಂಗೆ ಎದ್ದದ, ಫ್ರೆಂಚ್ ಸೈನ್ಯದವ್ರು ಹೆಲಿಕಾಪ್ಟರ್‌ನಿಂದ ಹೊರಡ್ರಿ ಅಂತ ಕೂಗಿ ಜೀವ ಉಳಿಸ್ಕೊಳ್ಳೂ ಸಾಮಾನಿನ ಪ್ಯಾಕೆಟ್ ಒಗೀತಾರ, ಅಲ್ಲಿ ಕಾಫಿ ತೋಟ ನಡಸೂ ಬಿಳಿ ಫ್ರೆಂಚ್ ಹೆಣ್ಮಗಳು ಮರಿಯಾ ಧೂಳಾಗ ನಿಂತು ಒಲ್ಲೆ ಅಂತಾಳ, ಆಕಿಗೆ ಕಾಫಿ ಸುಗ್ಗಿ ಮುಗೀಬೇಕು ಅಷ್ಟ. ತೋಟ ಆಕಿ ಹೆಸರಿಗೂ ಇಲ್ರಿ, ಮಾವಂದು! ಊರವ್ರಿಗಂತೂ ಆಕಿ ಮನಿಯವ್ರ ಬಂಗಾರದ ಲೈಟರ್ ಸಹ ‘ಬಿಳಿಯರ ಸಾಮಾನು’. ಧಾರವಾಡದಾಗ ಗೆಳತ್ಯಾರು ಕೂತು ನೋಡಿದಾಗ ಒಬ್ಬಾಕಿ, ಹೊಲ ಬಿಡೂದಂದ್ರ ಕರಳ ಕಿತ್ತಂಗ ಆಗತದ ಅಂದ್ಲು. ಖರೇನ, ಆದ್ರ ಆ ಹೊಲ ತಮ್ಮ ಮನಿತನಕ್ಕ ಹೆಂಗ ಬಂತು ಅನ್ನೂ ಪ್ರಶ್ನೆಕ್ಕ ಮರಿಯಾ ಮುಖ ಕೊಡೂದಿಲ್ಲ, ಮಗ ಮ್ಯಾನುಯೆಲ್ ತಲಿ ಬೋಳಿಸ್ಕೊಂಡು ಬಂದೂಕ ಹಿಡದಾಗ್ಲೂ.